ಲೋಟ ಬಿಡಿಸಲು ಆಗುತ್ತಿಲ್ಲ, ಕುಕ್ಕರ್ ಮುಚ್ಚಳ ಬರುತ್ತಿಲ್ಲ: ನಮ್ಮ ಮನೆಯ ಅನುಭವ

ಹೊಸದಾಗಿ ಮನೆ ಮಾಡಿರುವ ಒಬ್ಬರು ಕೇಳಿದ್ದಾರೆ: "ದಿನಾ ಏನಾದರೊಂದು ಎಡವಟ್ಟು. ಎರಡು ಗಾಜಿನ ಲೋಟ ಒಂದರೊಳಗೊಂದು ಕಚ್ಚಿಕೊಂಡಿವೆ, ಬಿಡಿಸಲು ಆಗುತ್ತಿಲ್ಲ. ಕುಕ್ಕರ್ ಆರಿದ ಮೇಲೂ ಮುಚ್ಚಳ ಬರುವುದಿಲ್ಲ. ಹಾಲು ಉಕ್ಕದ ದಿನವೇ ಇಲ್ಲ. ನಿಮ್ಮ ಮನೆಗಳಲ್ಲಿ ಇಂಥದ್ದಕ್ಕೆಲ್ಲ ಏನು ಮಾಡುತ್ತೀರಿ? ಅನುಭವ ಇದ್ದವರು ದಯವಿಟ್ಟು ಹೇಳಿ."

ನಮ್ಮದು ಜನ ಜಾಸ್ತಿ ಇರುವ ಮನೆ. ಎಡವಟ್ಟಿಗೂ ಬರವಿಲ್ಲ, ಉಪಾಯ ಹೇಳುವವರಿಗೂ ಬರವಿಲ್ಲ. ಅಮ್ಮ, ಅತ್ತಿಗೆ, ಪಕ್ಕದ ಮನೆಯವರು, ಎಲ್ಲರಿಂದ ಕಲಿತದ್ದನ್ನು ಸೇರಿಸಿ ಬರೆಯುತ್ತಿದ್ದೇನೆ. ನಾನು ಗಮನಿಸಿದ್ದು ಇಷ್ಟು: ಏನಾದರೂ ಆದ ತಕ್ಷಣ ನಮ್ಮ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಎಳೆಯುತ್ತದೆ, ಉಜ್ಜುತ್ತದೆ, ನೀರು ಸುರಿಯುತ್ತದೆ. ಬಹಳ ಸಲ ಕೆಲಸ ಕೆಡುವುದು ಅಲ್ಲೇ.

ಮೊದಲು ಲೋಟದ ವಿಷಯ. ತೊಳೆದ ಲೋಟಗಳನ್ನು ಒದ್ದೆ ಇರುವಾಗಲೇ ಒಂದರೊಳಗೊಂದು ಜೋಡಿಸಿದರೆ ಹೀಗೆ ಕಚ್ಚಿಕೊಳ್ಳುತ್ತವೆ. ತಿರುಚಿ ಎಳೆಯಬೇಡಿ, ಗಾಜು ಕೈಯಲ್ಲೇ ಒಡೆದರೆ ಅಂಗೈ ಸೀಳುತ್ತದೆ. ಒಳಗಿನ ಲೋಟಕ್ಕೆ ತಣ್ಣೀರು ತುಂಬಿ. ಹೊರಗಿನದನ್ನು ಬೆಚ್ಚಗಿನ ನೀರಿರುವ ಪಾತ್ರೆಯಲ್ಲಿ ನಿಲ್ಲಿಸಿ. ಹೊರಗಿನದು ಚೂರೇ ಚೂರು ಹಿಗ್ಗುತ್ತದೆ, ಒಳಗಿನದು ಚೂರೇ ಚೂರು ಕುಗ್ಗುತ್ತದೆ. ಒಂದೆರಡು ನಿಮಿಷ ಬಿಟ್ಟು ಮೆಲ್ಲಗೆ ಅಲುಗಿಸಿ ನೋಡಿ. ಆಗಲೂ ಬರದಿದ್ದರೆ ಸಂದಿಗೆ ಒಂದು ಹನಿ ಎಣ್ಣೆ ಬಿಟ್ಟು ಕಾಯಿರಿ. ಕುದಿಯುವ ನೀರು ಮಾತ್ರ ಬೇಡ, ಐಸೂ ಬೇಡ. ಬಿಸಿಗೂ ತಂಪಿಗೂ ಅಂತರ ಜಾಸ್ತಿಯಾದರೆ ಗಾಜು ಬಿರುಕು ಬಿಡುತ್ತದೆ. ಸ್ಟೀಲ್ ಲೋಟಕ್ಕೆ ಆ ಭಯ ಇಲ್ಲ.

ಕುಕ್ಕರ್ ಕಥೆಯೇ ಬೇರೆ. ಮುಚ್ಚಳ ಬರದೇ ಇರುವುದಕ್ಕೆ ಎರಡು ಕಾರಣ ಇರಬಹುದು, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಇನ್ನೂ ಒತ್ತಡ ಉಳಿದಿರಬಹುದು. ಒಲೆಯ ಮೇಲೆ ಪೂರ್ತಿ ಒತ್ತಡದಲ್ಲಿ ಇರುವಾಗ ಒಳಗಿನ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ ಮುಟ್ಟುತ್ತದೆ. ಅಂಥದ್ದು ಮುಖಕ್ಕೆ ಹಾರಿದರೆ ಗತಿಯೇನು? ಇನ್ನೊಂದು ಕಾರಣ ಇದಕ್ಕೆ ಪೂರ್ತಿ ಉಲ್ಟಾ. ಕುಕ್ಕರ್ ತಣ್ಣಗಾಗಿ, ಒಳಗಿನ ಆವಿಯೆಲ್ಲ ಮತ್ತೆ ನೀರಾಗಿ, ಒಳಗೆ ಗಾಳಿಯೇ ಇಲ್ಲದಂತೆ ಆಗಿರುತ್ತದೆ. ಆಗ ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ.

ಯಾವುದು ಅಂತ ತಿಳಿಯಲು ಅಮ್ಮ ಮಾಡುವುದು ಹೀಗೆ. ಮುಖ ದೂರ ಇಟ್ಟುಕೊಂಡು, ಉದ್ದ ಸೌಟಿನ ತುದಿಯಿಂದ ಮೇಲಿನ ವಿಷಲ್ಲನ್ನು ಸ್ವಲ್ಪವೇ ಎತ್ತುತ್ತಾರೆ. ಬುಸ್ ಎಂದು ಆವಿ ಹೊರಗೆ ಬಂದರೆ ಅದನ್ನು ವಾಪಸ್ ಕೂರಿಸಿ ಕಾಯುತ್ತಾರೆ. ಆವಿ ಏನೂ ಬರದೆ, ಗಾಳಿ ಒಳಗೆ ಎಳೆದುಕೊಂಡ ಸಣ್ಣ ಸದ್ದು ಕೇಳಿದರೆ ಮುಗಿಯಿತು, ಮುಚ್ಚಳ ತಾನೇ ಸಡಿಲವಾಗುತ್ತದೆ. ಕುಕ್ಕರ್ ಬಿಸಿ ಇರುವಾಗ ಹಿಡಿಯ ಮೇಲೆ ಬಲ ಹಾಕುವುದನ್ನು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಬಿಡುವುದಿಲ್ಲ.

ಬಿಗಿಯಾದ ಬಾಟಲಿಯ ಮುಚ್ಚಳಕ್ಕೂ ಇದೇ ತರ್ಕ. ಅಂಚಿಗೆ ಚಮಚ ಕೊಟ್ಟು ಸ್ವಲ್ಪ ಮೀಟಿ, ಟಕ್ ಅಂತ ಗಾಳಿ ಒಳಗೆ ಹೋದರೆ ಸಾಕು.

ಹಾಲು ಉಕ್ಕುವುದಕ್ಕೆ ಕಾರಣ ಅದರ ಮೇಲಿನ ತೆಳುವಾದ ಪದರ. ಬಿಸಿಯಾದಾಗ ಪ್ರೋಟೀನು, ಕೊಬ್ಬು ಸೇರಿ ಮೇಲೆ ಪದರ ಕಟ್ಟುತ್ತವೆ. ಕೆಳಗಿನಿಂದ ಬರುವ ಆವಿಯ ಗುಳ್ಳೆಗಳು ಅದನ್ನು ದಾಟಲಾಗದೆ ನೊರೆಯಾಗಿ ಮೇಲೇಳುತ್ತವೆ. ಪಾತ್ರೆಯ ಬಾಯಿಗೆ ಅಡ್ಡಲಾಗಿ ಮರದ ಸೌಟು ಇಟ್ಟರೆ ನೊರೆ ತಗುಲಿ ಒಡೆಯುತ್ತದೆ. ಆದರೆ ಅದನ್ನೇ ನಂಬಿ ಹೊರಗೆ ಹೋಗಬೇಡಿ. ಉರಿ ಜೋರಾಗಿದ್ದರೆ ಸೌಟನ್ನೂ ದಾಟಿ ಬರುತ್ತದೆ. ನನಗೆ ಕೆಲಸಕ್ಕೆ ಬಂದಿರುವುದು ಒಂದು ಗುರುತು: ಪಾತ್ರೆಯ ಅಂಚಿನ ಸುತ್ತ ಸಣ್ಣ ಗುಳ್ಳೆಗಳ ಸಾಲು ಕಂಡ ಕೂಡಲೇ ಉರಿ ತಗ್ಗಿಸುವುದು.

ಪಾತ್ರೆಯ ತಳ ಹೊತ್ತಿದರೆ ಬಿಸಿ ಇರುವಾಗ ತಣ್ಣೀರು ಹಾಕಬೇಡಿ, ತಳ ಸೊಟ್ಟಗಾಗುತ್ತದೆ. ಆರಿದ ಮೇಲೆ ನೀರಿಗೆ ಅಡುಗೆ ಸೋಡಾ ಹಾಕಿ ಕುದಿಸಿ, ರಾತ್ರಿಯಿಡೀ ಬಿಡಿ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಸೋಡಾ ಬೇಡ, ಕಪ್ಪಾಗುತ್ತದೆ.

ನೀವು ಕೇಳದಿದ್ದರೂ ಗಾಜು ಒಡೆದಾಗ ಏನು ಮಾಡಬೇಕು ಅಂತ ಹೇಳಲೇಬೇಕು. ಎಲ್ಲರೂ ದೊಡ್ಡ ಚೂರು ಹೆಕ್ಕಿ, ಗುಡಿಸಿ, ಆಯಿತು ಅಂದುಕೊಳ್ಳುತ್ತಾರೆ. ಎರಡು ದಿನ ಬಿಟ್ಟು ಯಾರದ್ದೋ ಕಾಲಿಗೆ ಚುಚ್ಚುತ್ತದೆ. ಅತ್ತಿಗೆ ಕಲಿಸಿದ್ದು ಹೀಗೆ: ಮೊದಲು ಚಪ್ಪಲಿ ಹಾಕಿಕೊಳ್ಳಿ, ಮಕ್ಕಳನ್ನು ಹೊರಗೆ ಕಳಿಸಿ. ಗುಡಿಸಿದ ಮೇಲೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಮಲಗಿಸಿ ಹಿಡಿಯಿರಿ. ಮೇಲಿನಿಂದ ನೋಡಿದರೆ ಕಾಣದ ಪುಡಿಯೆಲ್ಲ ಅಡ್ಡ ಬೆಳಕಿಗೆ ನಕ್ಷತ್ರದ ಹಾಗೆ ಮಿನುಗುತ್ತದೆ, ಕಪಾಟಿನ ಕಾಲಿನ ಹಿಂದೆ, ಬಾಗಿಲ ಸಂದಿಯಲ್ಲಿ, ನೀವು ಊಹಿಸದಷ್ಟು ದೂರದಲ್ಲಿ. ಒದ್ದೆ ಕಾಗದವನ್ನು ಅದರ ಮೇಲೆ ಒತ್ತಿ ತೆಗೆಯಿರಿ. ಒರೆಸುವ ಬಟ್ಟೆ ಬಳಸಬೇಡಿ, ಚೂರು ಅದರಲ್ಲೇ ಉಳಿದು ಆಮೇಲೆ ಕೈಗೆ ಚುಚ್ಚುತ್ತದೆ.

ಇನ್ನೆರಡು ಮಾತು, ಇವು ನಗುವ ವಿಷಯ ಅಲ್ಲ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಯಾವ ಕಾರಣಕ್ಕೂ ನೀರು ಹಾಕಬೇಡಿ. ನೀರು ಎಣ್ಣೆಯ ಕೆಳಗೆ ಇಳಿದು, ಕ್ಷಣದಲ್ಲಿ ಆವಿಯಾಗಿ, ಸುಮಾರು 1,700 ಪಟ್ಟು ಹಿಗ್ಗಿ ಉರಿಯುವ ಎಣ್ಣೆಯನ್ನು ಎತ್ತಿ ಎಸೆಯುತ್ತದೆ. ಒಲೆ ಆರಿಸಿ, ಅಗಲವಾದ ಮುಚ್ಚಳ ಜಾರಿಸಿ ಮುಚ್ಚಿ, ಬಾಣಲೆಯನ್ನು ಇದ್ದಲ್ಲೇ ಬಿಡಿ. ಹಾಗೇ ಬಚ್ಚಲು ಹೆಚ್ಚು ಬೆಳ್ಳಗಾಗಲಿ ಅಂತ ಬ್ಲೀಚನ್ನೂ ಆಸಿಡ್ ಇರುವ ಕ್ಲೀನರನ್ನೂ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಉಸಿರಿಗೇ ಅಪಾಯ.

ಫೋನ್ ನೀರಿಗೆ ಬಿದ್ದರೆ ಅಕ್ಕಿ ಡಬ್ಬಿಗೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಬೇಡಿ ಅಂತ ಆಪಲ್ ಕಂಪನಿಯೇ 2024ರಲ್ಲಿ ತನ್ನ ಬಳಕೆದಾರರಿಗೆ ಹೇಳಿದೆ, ಅಕ್ಕಿಯ ಸಣ್ಣ ಕಣಗಳು ಒಳಗೆ ಹೋಗಿ ಫೋನ್ ಹಾಳಾಗಬಹುದು ಅಂತ. ಕೂಡಲೇ ಆಫ್ ಮಾಡಿ, ಪೋರ್ಟ್ ಕೆಳಮುಖವಾಗಿ ಹಿಡಿದು ಮೆಲ್ಲಗೆ ತಟ್ಟಿ ನೀರು ಇಳಿಸಿ, ಗಾಳಿಯಾಡುವ ಕಡೆ ಇಡಿ. ಒಣಗುವ ತನಕ ಚಾರ್ಜಿಗೆ ಹಾಕದಿರುವುದೇ ಮುಖ್ಯ.

ಅಂದಹಾಗೆ, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿ, ಯಾಕೆ ಬಂದೆ ಅಂತ ಮರೆತು ನಿಲ್ಲುವುದು ನಿಮ್ಮಲ್ಲೂ ಇದೆ ಅಲ್ವಾ? ನಮ್ಮಲ್ಲಿ ಹೀಗೆ ನಿಂತವರನ್ನು ಕಂಡರೆ ಎಲ್ಲರಿಗೂ ನಗು. ಇದು ವಯಸ್ಸಿನ ಲಕ್ಷಣ ಅಂತ ಸುಮ್ನೆ ಹೆದರಬೇಡಿ. ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದ ಗೇಬ್ರಿಯಲ್ ರಾಡ್ವಾನ್ಸ್ಕಿ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬಾಗಿಲು ದಾಟಿದ ಕಾಲೇಜು ವಿದ್ಯಾರ್ಥಿಗಳೂ ಅಷ್ಟೇ ದೂರ ಒಂದೇ ಕೋಣೆಯಲ್ಲಿ ನಡೆದವರಿಗಿಂತ ಜಾಸ್ತಿ ಮರೆತಿದ್ದರು.

ಕೊನೆಗೆ ಬಟ್ಟೆಯ ಕಲೆ. ಇಲ್ಲೂ ಕೈ ಮೊದಲು ಉಜ್ಜಲು ಹೋಗುತ್ತದೆ, ಉಜ್ಜಿದಷ್ಟೂ ಕಲೆ ಹರಡುತ್ತದೆ. ಪೆನ್ನಿನ ಶಾಯಿಯಾದರೆ ಕಲೆಯ ಕೆಳಗೆ ಹತ್ತಿ ಇಟ್ಟು, ಮೇಲಿನಿಂದ ಸ್ವಲ್ಪ ಸ್ಯಾನಿಟೈಸರ್ ಹಾಕಿ ಒತ್ತಿ. ಬಾಲ್ ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಕರಗಿ ಹತ್ತಿಗೆ ಇಳಿಯುತ್ತದೆ. ಬಟ್ಟೆಯ ಕಾಣದ ಮೂಲೆಯಲ್ಲಿ ಒಮ್ಮೆ ಹಾಕಿ, ಬಣ್ಣ ಬಿಡುತ್ತದೆಯೋ ಅಂತ ಮೊದಲೇ ನೋಡಿಕೊಳ್ಳಿ. ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿನೀರು ಹಾಕಿದರೆ ಅದು ಬಟ್ಟೆಗೆ ಗಟ್ಟಿಯಾಗಿ ಕೂರುತ್ತದೆ. ಯಾವ ಕಲೆಯೇ ಆದರೂ ಪೂರ್ತಿ ಹೋಗುವ ತನಕ ಇಸ್ತ್ರಿ ಮಾಡಬೇಡಿ.