ಅಪ್‌ಡೇಟ್: ಡಿವಿಆರ್ ಮತ್ತೆ ರೆಕಾರ್ಡ್ ಮಾಡ್ತಿದೆ

ಡಿವಿಆರ್ (ವಿಡಿಯೊ ರೆಕಾರ್ಡ್ ಮಾಡಿ ಡಿಸ್ಕಿನಲ್ಲಿ ಇಡುವ ಪೆಟ್ಟಿಗೆ) ಬೀಪ್ ಬೀಪ್ ಅಂತ ಕೂಗುತ್ತೆ, ಹಳೆಯ ರೆಕಾರ್ಡಿಂಗ್ ತೆರೆದರೆ ಅರ್ಧಕ್ಕೇ ನಿಲ್ಲುತ್ತೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಡಿವಿಆರ್‌ನಿಂದ ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿದ ತಕ್ಷಣ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಅಂತ ಕೇಳಿತು. ಡಿವಿಆರ್‌ನ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ರೀತಿ) ಅದಕ್ಕೆ ಅರ್ಥವಾಗಲ್ಲ, ಅಷ್ಟೇ. ಫಾರ್ಮ್ಯಾಟ್ ಮಾಡಿದರೆ ರೆಕಾರ್ಡಿಂಗ್ ಹೋಗುತ್ತೆ ಅಂತ ನೀವು ಮೊದಲೇ ಎಚ್ಚರಿಸಿದ್ದರಿಂದ ಬೇಡ ಅಂತ ಒತ್ತಿದೆ. ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ) ಪೆಂಡಿಂಗ್ ಸೆಕ್ಟರ್, ಅಂದರೆ ಸರಿಯಾಗಿ ಓದಲಾಗದೆ ಅನುಮಾನದಲ್ಲಿರುವ ಜಾಗ, 48. ಕೇಬಲ್ ಬದಲಿಸಿದರೂ ಅಷ್ಟೇ. ಅಂದರೆ ಡಿಸ್ಕೇ ಕೈಕೊಡ್ತಿದೆ.

ಲಿನಕ್ಸ್‌ನಲ್ಲಿ ಬೂಟ್ ಮಾಡಿ, ಡಿಡಿರೆಸ್ಕ್ಯೂನಿಂದ (ಹಾಳಾಗುತ್ತಿರುವ ಡಿಸ್ಕಿನಿಂದ ಆದಷ್ಟು ಡೇಟಾ ಕಾಪಿ ಮಾಡುವ ಪ್ರೋಗ್ರಾಂ) ಹೊಸ 2 ಟಿಬಿ ಡಿಸ್ಕಿಗೆ ಕಾಪಿ ಹಾಕಿದೆ. ಅದಲು ಬದಲಾದರೆ ರೆಕಾರ್ಡಿಂಗ್ ಎಲ್ಲ ಅಳಿಸಿಹೋಗುತ್ತೆ, ಅದಕ್ಕೇ ಯಾವುದು ಹಳೆಯದು, ಯಾವುದು ಹೊಸದು ಅಂತ ಸೀರಿಯಲ್ ನಂಬರ್ ನೋಡಿ ಮೂರು ಸಲ ಖಾತ್ರಿ ಮಾಡ್ಕೊಂಡೆ (ಕೈ ನಡುಗುತ್ತಿತ್ತು, ಸುಳ್ಳು ಹೇಳಲ್ಲ). ಶೇಕಡಾ 99 ಒಂದೇ ರಾತ್ರಿಯಲ್ಲಿ ಮುಗಿಯಿತು. ಉಳಿದ ಚೂರಿಗೆ ಒಂದೂವರೆ ದಿನ! ನಡುವೆ ಕರೆಂಟ್ ಬೇರೆ ಹೋಯಿತು. ಎಲ್ಲಿವರೆಗೆ ಕಾಪಿ ಆಗಿದೆ ಅಂತ ಬರೆದಿಡುವ ಮ್ಯಾಪ್ ಫೈಲನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೆ, ಹಾಗಾಗಿ ನಿಂತಲ್ಲಿಂದಲೇ ಮುಂದುವರಿಯಿತು.

ಹೊಸ ಡಿಸ್ಕನ್ನು ಡಿವಿಆರ್ ತಕರಾರಿಲ್ಲದೆ ಒಪ್ಪಿಕೊಂಡಿತು. ಹಳೆಯ ವಿಡಿಯೊಗಳೂ ಬಂದವು. ಆದರೆ ಇವತ್ತಿನ ರೆಕಾರ್ಡಿಂಗ್ ಹುಡುಕಿದರೆ ಒಂದೂ ಇಲ್ಲ! ನೋಡಿದರೆ ಡಿವಿಆರ್‌ನ ಗಡಿಯಾರ 2000ನೇ ಇಸವಿಗೆ ಹೋಗಿ ಕೂತಿದೆ, ಹಾಗಾಗಿ ಇವತ್ತಿನ ತಾರೀಖಿನಲ್ಲಿ ಏನೂ ಸಿಗಲಿಲ್ಲ. ಗಡಿಯಾರ ನಡೆಸುವ, ಬೋರ್ಡಿನ ಸಿಆರ್2032 ಸೆಲ್ (ನಾಣ್ಯದಂಥ ಚಿಕ್ಕ ಬ್ಯಾಟರಿ) ಸತ್ತಿತ್ತು. ಬದಲಿಸಿ ಟೈಮ್ ಸೆಟ್ ಮಾಡಿದೆ, ಸರಿಹೋಯಿತು.

ಎರಡು ಕ್ಲಿಪ್ ಈಗಲೂ ನಡುವೆ ಚೂರು ಚೂರಾಗಿ ಕಾಣುತ್ತವೆ. ಅವು ಹೋದ ಹಾಗೇ ಬಿಡಿ.