ಕ್ಯಾಂಡಿಯಿಂದ ನುವರ ಎಲಿಯಕ್ಕೆ ಬಾಡಿಗೆ ಕಾರಿನಲ್ಲಿ ಒಂದು ದಿನ: ವಯಸ್ಸಾದವರೊಂದಿಗೆ ಎಷ್ಟು ನೋಡಬಹುದು?

ಪ್ರಶ್ನೆ: ಮುಲುಂಡ್ ನಿವಾಸಿ, ಮುಂಬೈ

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಯಲ್ಲಿ ನಾನು, ನನ್ನ ಪತ್ನಿ, ಕಾಲೇಜು ಓದುತ್ತಿರುವ ಮಗಳು ಹಾಗೂ 72 ವರ್ಷದ ನಮ್ಮ ತಾಯಿಯವರು ಶ್ರೀಲಂಕಾಕ್ಕೆ ಹೊರಟಿದ್ದೇವೆ. ಮುಂಬೈಯಿಂದ ಕೊಲಂಬೊಗೆ ನೇರ ವಿಮಾನ, ಅಲ್ಲಿಂದ ಕ್ಯಾಂಡಿಯಲ್ಲಿ ವಸತಿ ಎಂಬಷ್ಟು ನಿಶ್ಚಯವಾಗಿದೆ. ಕ್ಯಾಂಡಿಯಲ್ಲಿರುವಾಗ ಒಂದು ದಿನ ಚಾಲಕನ ಸಮೇತ ಕಾರು ಗೊತ್ತುಮಾಡಿಕೊಂಡು ಬೆಟ್ಟಸೀಮೆಯನ್ನು ನೋಡಿಬರಬೇಕೆಂಬುದು ನಮ್ಮ ಆಸೆ. ತಾಯಿಯವರಿಗೆ ಮುಖ್ಯವಾಗಿ ಸೀತಾ ಎಲಿಯದ ಸೀತಮ್ಮನ ಗುಡಿಯನ್ನು ನೋಡಬೇಕಾಗಿದೆ. ಮಗಳಿಗೆ ಚಹಾ ತೋಟಗಳು ಮತ್ತು ‘ಎಲ್ಲ’ ಎಂಬ ಹೆಸರಿನ ಊರಿನ ಒಂಬತ್ತು ಕಮಾನುಗಳ ರೈಲು ಸೇತುವೆ ಬೇಕು.

ಇಲ್ಲಿನ ಪ್ರವಾಸ ಏಜೆಂಟರೊಬ್ಬರು ಕೊಟ್ಟಿರುವ ಪಟ್ಟಿಯಲ್ಲಿ ಪೆರಾದೆನಿಯ ಸಸ್ಯೋದ್ಯಾನ, ರಾಂಬೊಡ ಜಲಪಾತ, ಅಲ್ಲಿನ ಹನುಮಂತನ ದೇವಾಲಯ, ಚಹಾ ಕಾರ್ಖಾನೆ, ಗ್ರೆಗರಿ ಕೆರೆ, ಸೀತಾ ಎಲಿಯ, ಹಕ್ಗಲ ಉದ್ಯಾನ, ಕೊನೆಗೆ ಎಲ್ಲ ಊರು, ಹೀಗೆ ಅಷ್ಟೂ ಒಂದೇ ದಿನದಲ್ಲಿ ಮುಗಿದು ರಾತ್ರಿ ಊಟಕ್ಕೆ ಕ್ಯಾಂಡಿಗೆ ಮರಳುತ್ತೇವೆ ಎಂದಿದೆ. ನಕಾಶೆಯಲ್ಲಿ ದೂರಗಳು ಚಿಕ್ಕದಾಗಿಯೇ ಕಾಣುತ್ತವೆ, ಆದರೂ ನನಗೆ ನಂಬಿಕೆ ಬರುತ್ತಿಲ್ಲ. ತಾಯಿಯವರಿಗೆ ಮಂಡಿನೋವಿದೆ, ಘಟ್ಟದ ತಿರುವುಗಳಲ್ಲಿ ವಾಂತಿಯ ತೊಂದರೆಯೂ ಇದೆ, ಮನೆಯವರೆಲ್ಲ ಶುದ್ಧ ಸಸ್ಯಾಹಾರಿಗಳು. ಈ ಪಟ್ಟಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು? ಕಾರನ್ನು ಮುಂಬೈಯಿಂದಲೇ ಗೊತ್ತುಮಾಡುವುದು ಒಳ್ಳೆಯದೋ, ಅಲ್ಲಿಗೆ ಹೋದ ಮೇಲೆ ಹೋಟೆಲಿನವರ ಮೂಲಕ ಹೇಳುವುದು ಒಳ್ಳೆಯದೋ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಕೋಥ್ರೂಡ್ ವಿಜಯಾ, ಪುಣೆ

ನಮಸ್ಕಾರ. ಅತ್ತೆ ಮಾವಂದಿರನ್ನು ಕರೆದುಕೊಂಡು ನಾವು ಇದೇ ದಾರಿಯಲ್ಲಿ ಹೋಗಿಬಂದಿದ್ದೇವೆ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಮೊದಲು ‘ಎಲ್ಲ’ ಊರನ್ನು ಪಟ್ಟಿಯಿಂದ ಹೊಡೆದುಹಾಕಿ. ಕ್ಯಾಂಡಿ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದ್ದರೆ ನುವರ ಎಲಿಯ ಸುಮಾರು 1,870 ಮೀಟರ್ ಎತ್ತರದಲ್ಲಿದೆ. ಇವೆರಡರ ನಡುವಿನ ದಾರಿ 75 ಕಿಲೋಮೀಟರಿನ ಆಸುಪಾಸಿನದಾದರೂ ಗಂಪೊಲ ಮತ್ತು ಪುಸ್ಸೆಲ್ಲಾವ ದಾಟಿದ ಮೇಲೆ ತಿರುವು ತಪ್ಪುವುದೇ ಇಲ್ಲ. ಎಲ್ಲಿಯೂ ನಿಲ್ಲದೆ ಹೋದರೂ ಎರಡೂವರೆಯಿಂದ ಮೂರು ತಾಸು ಹಿಡಿಯುತ್ತದೆ. ಅಲ್ಲಿಂದ ಎಲ್ಲಕ್ಕೆ ಮತ್ತೆ ಎರಡು ತಾಸು. ಹೋಗಿಬರುವುದನ್ನು ಕೂಡಿದರೆ ಒಂಬತ್ತು ಹತ್ತು ತಾಸು ಕಾರಿನೊಳಗೇ ಕಳೆಯಬೇಕಾಗುತ್ತದೆ. ಏಜೆಂಟರು ಕಿಲೋಮೀಟರುಗಳನ್ನು ಕೂಡಿದ್ದಾರೆಯೇ ಹೊರತು ತಾಸುಗಳನ್ನು ಕೂಡಿಲ್ಲ.

ಪೆರಾದೆನಿಯವನ್ನೂ ಈ ದಿನಕ್ಕೆ ತುರುಕಬೇಡಿ. 1821ರಲ್ಲಿ ಆರಂಭವಾದ ಆ ಉದ್ಯಾನ 147 ಎಕರೆಯಷ್ಟು ವಿಸ್ತಾರವಾಗಿದ್ದು, ಮೂರು ಕಡೆ ಮಹಾವೇಲಿ ನದಿ ಬಳಸಿ ಹರಿಯುತ್ತದೆ. ಕ್ಯಾಂಡಿಯಿಂದ ಆರೇಳು ಕಿಲೋಮೀಟರ್ ದೂರದಲ್ಲಿರುವುದರಿಂದ ಬೇರೆ ದಿನ ಆಟೋದಲ್ಲಿಯೇ ಹೋಗಿ ನಿಧಾನವಾಗಿ ನೋಡಬಹುದು.

ಉಳಿದದ್ದರಲ್ಲಿ ನನ್ನ ಸಲಹೆ, ಪಟ್ಟಿಯನ್ನು ತಲೆಕೆಳಗು ಮಾಡಿ ಎಂಬುದು. ಚಾಲಕರು ಸಾಮಾನ್ಯವಾಗಿ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ತೋರಿಸುತ್ತ ಹೋಗುತ್ತಾರೆ, ಅಷ್ಟರಲ್ಲಿ ಮೇಲೆ ತಲುಪುವುದು ಮಧ್ಯಾಹ್ನವಾಗುತ್ತದೆ, ಆ ಹೊತ್ತಿಗೆ ಮೇಲಿನ ಬೆಟ್ಟಗಳಿಗೆ ಮಂಜು ಇಳಿದು ಹತ್ತು ಮಾರು ದೂರದ್ದು ಕಾಣದಂತಾಗುವುದುಂಟು. ಆದ್ದರಿಂದ ಬೆಳಿಗ್ಗೆ ಆರೂವರೆಗೆ ಹೊರಟು, ನಡುವೆ ಒಂದೇ ಒಂದು ಕಡೆ ಚಹಾಕ್ಕೆ ನಿಂತು, ನೇರವಾಗಿ ಉಳಿದ ಜಾಗಗಳಿಗಿಂತ ದೂರದ ಸೀತಾ ಎಲಿಯಕ್ಕೆ ಹೋಗಿಬಿಡಿ. ಅದು ನುವರ ಎಲಿಯ ಪಟ್ಟಣದಿಂದ ಐದಾರು ಕಿಲೋಮೀಟರ್ ಮುಂದೆ, ಬದುಳ್ಳದ ಹೆದ್ದಾರಿಗೆ ತಾಗಿಯೇ ಇದೆ. ಅಲ್ಲಿಂದ ಪಟ್ಟಣಕ್ಕೆ ಮರಳಿ ಊಟ ಮಾಡಿ, ಇಳಿಯುವಾಗ ಚಹಾ ಕಾರ್ಖಾನೆ ಮತ್ತು ರಾಂಬೊಡ ನೋಡಿ. 109 ಮೀಟರ್ ಎತ್ತರದ ರಾಂಬೊಡ ಜಲಪಾತ ರಸ್ತೆಯಿಂದಲೇ ಕಾಣುತ್ತದೆ. ಬುಡದವರೆಗೆ ಇಳಿಯುವ ಮೆಟ್ಟಿಲುಗಳು ತಾಯಿಯವರಿಗೆ ಬೇಡ. ಚಿನ್ಮಯ ಮಿಷನ್‌ನವರು ಕಟ್ಟಿಸಿದ ಹನುಮಂತನ ದೇವಾಲಯವೂ ಇದೇ ಊರಿನಲ್ಲಿದೆ. ಅಂಗಳದಿಂದ ಕೊತ್ಮಲೆ ಕಣಿವೆ ಚೆನ್ನಾಗಿ ಕಾಣುತ್ತದೆ.

ಚಹಾ ಕಾರ್ಖಾನೆಯನ್ನು ಮಾತ್ರ ಬಿಡಬೇಡಿ. ಮೇಲಿನ ಮಹಡಿಯಲ್ಲಿ ಉದ್ದುದ್ದ ತೊಟ್ಟಿಗಳಿಗೆ ಬಲೆ ಹಾಸಿ, ಅದರ ಮೇಲೆ ಹಸಿ ಎಲೆಯನ್ನು ಹರಡಿ, ಅಡಿಯಿಂದ ಗಾಳಿ ಬಿಡುತ್ತಾರೆ. ರಾತ್ರಿಯೆಲ್ಲ ಬಾಡಿದ ಎಲೆಯನ್ನು ಕೈಯಲ್ಲಿ ಹಿಡಿದು ಮಡಿಚಿದರೆ ಮುರಿಯುವುದಿಲ್ಲ, ಒದ್ದೆ ಬಟ್ಟೆಯಂತೆ ಬಾಗುತ್ತದೆ. ಕೆಳಗಿನ ಅಂತಸ್ತಿನಲ್ಲಿ ಅದನ್ನು ಹೊಸೆಯುವ ಹಿತ್ತಾಳೆಯ ಮೇಜುಗಳು ಸುತ್ತುತ್ತಿರುತ್ತವೆ. ಹೊಸೆದ ಎಲೆ ಗಾಳಿಗೆ ಬಿದ್ದು ನಿಮ್ಮ ಕಣ್ಣೆದುರಿಗೇ ಹಸಿರಿನಿಂದ ತಾಮ್ರದ ಬಣ್ಣಕ್ಕೆ ತಿರುಗುತ್ತದೆ, ಆಗ ಬರುವ ವಾಸನೆ ಚಹಾದ್ದೆಂದು ಹೇಳಲಾಗದು, ಹುಳಿಗೆ ತಿರುಗಿದ ಹಣ್ಣಿನದ್ದೆನ್ನಬಹುದು. ಭಾನುವಾರ ಮತ್ತು ಹುಣ್ಣಿಮೆಯ ಪೋಯಾ ರಜೆಯ ದಿನ ಹಲವು ಕಡೆ ಯಂತ್ರಗಳು ನಿಂತಿರುತ್ತವೆ, ಮಾರಾಟದ ಅಂಗಡಿ ಮಾತ್ರ ತೆರೆದಿರುತ್ತದೆ. ದಿನವನ್ನು ಆರಿಸುವಾಗ ಇದನ್ನು ಗಮನಿಸಿ.

ತಾಯಿಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹೊರಡುವ ಮುಂಚೆ ಸ್ವಲ್ಪವೇ ತಿನ್ನಿಸಿ. ಮಾತ್ರೆಯ ವಿಷಯದಲ್ಲಿ ಅವರ ವೈದ್ಯರನ್ನು ಇಲ್ಲಿಯೇ ಕೇಳಿಕೊಂಡು ಹೋಗಿ, ಏಕೆಂದರೆ ಆ ವಯಸ್ಸಿನಲ್ಲಿ ಕೆಲವು ಮಾತ್ರೆಗಳು ದಿನವಿಡೀ ತೂಕಡಿಸುವಂತೆ ಮಾಡುತ್ತವೆ.

ಉತ್ತರ: ವಾಸ್ಕೋ ಸಾರಥಿ, ಗೋವಾ

ವಿಜಯಾ ಅಕ್ಕನವರು ದಾರಿಯ ಬಗ್ಗೆ ಹೇಳಿದ್ದು ಸರಿಯಾಗಿದೆ. ನಾನು ಧಾರವಾಡದ ಕಡೆಯವನು, ಗೋವಾದಲ್ಲಿ ಪ್ರವಾಸಿ ಟ್ಯಾಕ್ಸಿ ನಡೆಸುವವನು. ಕುಟುಂಬದೊಂದಿಗೆ ಶ್ರೀಲಂಕಾಕ್ಕೆ ಹೋದಾಗ ಹಿಂದಿನ ಸೀಟಿನಲ್ಲಿ ಕುಳಿತು ಇನ್ನೊಬ್ಬ ಚಾಲಕನನ್ನು ನೋಡುವ ಅವಕಾಶ ಸಿಕ್ಕಿತು. ಆದ್ದರಿಂದ ಚಾಲಕನ ಕಡೆಯಿಂದ ಕೆಲವು ಮಾತುಗಳನ್ನು ಬರೆಯುತ್ತೇನೆ.

ಕಾರನ್ನು ಮುಂಬೈಯಿಂದ ಗೊತ್ತುಮಾಡುವ ಅಗತ್ಯವಿಲ್ಲ. ನಡುವೆ ಇಬ್ಬರು ಮೂವರು ಏಜೆಂಟರು ಸೇರಿದಷ್ಟೂ ಕೊನೆಯಲ್ಲಿ ಚಾಲಕನ ಕೈಗೆ ಬರುವ ಹಣ ಕಡಿಮೆಯಾಗುತ್ತದೆ, ಕಡಿಮೆಯಾದದ್ದನ್ನು ಅವನು ಅಂಗಡಿಗಳ ಕಮಿಷನ್ನಿನಿಂದ ತುಂಬಿಕೊಳ್ಳುತ್ತಾನೆ. ಗೋವಾದಲ್ಲಿ ನಾವು ಗೇರುಬೀಜದ ಅಂಗಡಿಗೂ ಫೋಂಡಾ ಕಡೆಯ ಮಸಾಲೆ ತೋಟಗಳಿಗೂ ಕರೆದೊಯ್ಯುತ್ತೇವೆ, ಅಲ್ಲಿ ಅವರು ರತ್ನದ ಅಂಗಡಿಗೂ ಬಾಟಿಕ್ ಬಟ್ಟೆಯ ಅಂಗಡಿಗೂ ಮಸಾಲೆ ತೋಟಕ್ಕೂ ಕರೆದೊಯ್ಯುತ್ತಾರೆ. ಪದ್ಧತಿ ಎರಡೂ ಕಡೆ ಒಂದೇ. ಇದನ್ನು ಮೋಸವೆಂದು ಸಿಟ್ಟಾಗುವುದಕ್ಕಿಂತ ಮುಂಚಿತವಾಗಿ ಮಾತನಾಡಿಕೊಳ್ಳುವುದು ಲೇಸು. ನಿಮ್ಮ ಹೋಟೆಲಿನವರಿಗೆ ಒಂದೆರಡು ವಾರ ಮೊದಲೇ ಸಂದೇಶ ಕಳುಹಿಸಿ, ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಪತ್ರವಿರುವ ಚಾಲಕನೇ ಬೇಕು, ಯಾವ ಅಂಗಡಿಗೂ ಹೋಗುವುದಿಲ್ಲ, ಅದಕ್ಕೆ ಬದಲಾಗಿ ನ್ಯಾಯವಾದ ಬಾಡಿಗೆ ಕೊಡುತ್ತೇವೆ ಎಂದು ಬರೆಯಿರಿ. ಹೀಗೆ ಬರೆದವರೊಡನೆ ಚಾಲಕರೂ ನೆಮ್ಮದಿಯಿಂದಿರುತ್ತಾರೆ.

ದರದ ಜೊತೆಗೆ ಏನೇನು ಸೇರಿದೆ ಎಂದು ಕೇಳಿಕೊಳ್ಳಬೇಕು. ಇಂಧನ, ಪಾರ್ಕಿಂಗ್, ಚಾಲಕನ ಊಟ ಮತ್ತು ಬಾಟಾ ಒಳಗೊಂಡಿವೆಯೇ? ಕಿಲೋಮೀಟರಿನ ಮಿತಿ ಇದೆಯೇ? ನೀವು ಸೀತಾ ಎಲಿಯವರೆಗೆ ಹೋಗಿಬಂದರೆ 160 ಕಿಲೋಮೀಟರ್ ದಾಟುತ್ತದೆ, ದಿನಕ್ಕೆ 100 ಎಂದು ಒಪ್ಪಿಕೊಂಡಿದ್ದರೆ ಸಂಜೆ ಲೆಕ್ಕದ ಹೊತ್ತಿಗೆ ಮಾತು ಬೆಳೆಯುತ್ತದೆ. ದರ ಡಾಲರಿನಲ್ಲಿ ಹೇಳಿದ್ದೋ, ಶ್ರೀಲಂಕಾ ರೂಪಾಯಿಯಲ್ಲಿ ಹೇಳಿದ್ದೋ ಎಂಬುದನ್ನೂ ಬರವಣಿಗೆಯಲ್ಲಿ ಇರಿಸಿಕೊಳ್ಳಿ. 2024ರ ಫೆಬ್ರವರಿಯಿಂದ ಅಲ್ಲಿ ನಮ್ಮ ಯುಪಿಐ ನಡೆಯುತ್ತದೆಯಾದರೂ ಅದು ಅಂಗಡಿಗಳ ಮಾತು. ಚಾಲಕನಿಗೆ ನಗದೇ ಬೇಕು.

ಐದು ಜನ ಕುಳಿತು, ಏಸಿ ಹಾಕಿ ಘಟ್ಟ ಹತ್ತಬೇಕಾದ್ದರಿಂದ ಚಿಕ್ಕ ಕಾರು ಬೇಡ, ವ್ಯಾನ್ ಕೇಳಿ. ವ್ಯಾನಿನ ಹೆಜ್ಜೆ ಎತ್ತರವಾಗಿರುವುದರಿಂದ ಮಂಡಿನೋವಿನವರಿಗೆ ಹತ್ತಲು ಚಿಕ್ಕ ಮಣೆಯೊಂದನ್ನು ತರುವಂತೆ ಹೇಳಿದರೆ ತರುತ್ತಾರೆ. ಕತ್ತಲಾಗುವ ಮುಂಚೆ ಗಂಪೊಲ ದಾಟಿರಬೇಕು ಎಂದು ಬೆಳಿಗ್ಗೆಯೇ ಹೇಳಿಬಿಡಿ. ಮಂಜಿನಲ್ಲಿ, ರಾತ್ರಿಯಲ್ಲಿ, ಎದುರಿನಿಂದ ಬಸ್ಸು ಬರುವ ಘಟ್ಟದ ರಸ್ತೆಯಲ್ಲಿ ಯಾವ ಚಾಲಕನಿಗೂ ಖುಷಿಯಿರುವುದಿಲ್ಲ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಇನ್ನೊಂದು ಮುಖ್ಯ ವಿಷಯ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಅಪ್ಪಳಿಸಿದಾಗ ಕ್ಯಾಂಡಿ, ನುವರ ಎಲಿಯ, ಬದುಳ್ಳ ಜಿಲ್ಲೆಗಳಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು, ರಸ್ತೆಗಳೂ ರೈಲುದಾರಿಯೂ ಹಾಳಾದವು. ಆದ್ದರಿಂದ ಹಳೆಯ ಪ್ರವಾಸ ಬರಹಗಳಲ್ಲಿರುವ ಸಮಯಗಳನ್ನು ಕಣ್ಣುಮುಚ್ಚಿ ನಂಬದೆ, ಹಿಂದಿನ ರಾತ್ರಿ ಚಾಲಕನಿಗೇ ಕರೆ ಮಾಡಿ ಯಾವ ದಾರಿ ತೆರೆದಿದೆ ಎಂದು ಕೇಳಿ. ಅವನು ಸುತ್ತುದಾರಿ ಹೇಳಿದರೆ ಚೌಕಾಸಿ ಮಾಡಬೇಡಿ.

ಉತ್ತರ: ಮಾಟುಂಗಾ ಓದುಗ, ಮುಂಬೈ

ಮೇಲಿನ ಇಬ್ಬರ ಮಾತಿಗೂ ನನ್ನ ಸಮ್ಮತಿಯಿದೆ, ಆದರೆ ಏಜೆಂಟರ ಪಟ್ಟಿಯಲ್ಲಿದ್ದ ಹಕ್ಗಲದ ಬಗ್ಗೆ ಯಾರೂ ಏನೂ ಹೇಳಿಲ್ಲ. ಸೀತಾ ಎಲಿಯದವರೆಗೆ ಹೋದವರು ಇಲ್ಲೇ ಪಕ್ಕದಲ್ಲಿದೆ ಎಂದು ಅಲ್ಲಿಗೂ ಹೋಗಿಬಿಡುತ್ತಾರೆ. ಮಲೇರಿಯಾದ ಔಷಧಿಯಾದ ಕ್ವಿನೈನ್ ಕೊಡುವ ಸಿಂಕೋನಾ ಮರಗಳಿಗಾಗಿ 1861ರಲ್ಲಿ ಬ್ರಿಟಿಷರು ಮಾಡಿದ ಆ ತೋಟ ಚೆಂದವೇನೋ ಹೌದು, ಆದರೆ ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿದೆ, ಮಂಡಿನೋವಿನವರಿಗೆ ಶಿಕ್ಷೆ. ಹೂಗಿಡ ನೋಡಬೇಕೆಂದಿದ್ದರೆ ಪಟ್ಟಣದ ನಡುವಿನ ವಿಕ್ಟೋರಿಯಾ ಪಾರ್ಕ್ ಸಮತಟ್ಟಾಗಿದೆ, ಕುಳಿತುಕೊಳ್ಳಲು ಬೆಂಚುಗಳಿವೆ, ಪಕ್ಷಿ ನೋಡುವವರು ದೂರದೂರದಿಂದ ಅಲ್ಲಿಗೇ ಬರುತ್ತಾರೆ. ಗ್ರೆಗರಿ ಕೆರೆಯನ್ನು ಕಾರಿನಿಂದಲೇ ನೋಡಿದರೆ ಸಾಕು.

ಸೀತಮ್ಮನ ಗುಡಿ ದ್ರಾವಿಡ ಶೈಲಿಯ ಗೋಪುರವಿರುವ ಚಿಕ್ಕ ಗುಡಿ. ಪಕ್ಕದಲ್ಲಿ ತೊರೆ ಹರಿಯುತ್ತದೆ, ಬಂಡೆಯ ಮೇಲಿನ ಕುಳಿಗಳನ್ನು ಹನುಮಂತನ ಹೆಜ್ಜೆಗಳೆಂದು ತೋರಿಸುತ್ತಾರೆ, ಸುತ್ತಲಿನ ಕಾಡನ್ನು ಅಶೋಕವನವೆನ್ನುತ್ತಾರೆ. ರಸ್ತೆಯಿಂದ ಕೆಲವು ಮೆಟ್ಟಿಲು ಇಳಿಯಬೇಕು, ಕೈ ಹಿಡಿದುಕೊಂಡರೆ ತಾಯಿಯವರಿಗೆ ಕಷ್ಟವಾಗದು. ಪೂಜೆ ಮಾಡುವವರು ತಮಿಳರು. ಆ ಬೆಟ್ಟಗಳಿಗೆ ತಮಿಳರು ಬಂದದ್ದು ತೋಟಗಳ ಕೆಲಸಕ್ಕೆ. ಅಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ, ನಮ್ಮ ಕೊಡಗು ಚಿಕ್ಕಮಗಳೂರಿನ ಬೆಳೆಗಾರರನ್ನು ಇಂದಿಗೂ ಕಾಡುವ ಅದೇ ರೋಗ, ಮುಂದಿನ ಎರಡು ದಶಕಗಳಲ್ಲಿ ಕಾಫಿಯನ್ನು ನಿರ್ನಾಮ ಮಾಡಿತು. 1867ರಲ್ಲಿಯೇ ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಕ್ಯಾಂಡಿಯ ಬಳಿಯ ಲೂಲೆಕಂದೇರದ 19 ಎಕರೆಯಲ್ಲಿ ಚಹಾ ನೆಟ್ಟಿದ್ದರಿಂದ ತೋಟದವರಿಗೆ ಬದಲಿ ಬೆಳೆ ಸಿಕ್ಕಿತು. ಕಾಫಿಗೂ ಚಹಾಕ್ಕೂ ತಮಿಳುನಾಡಿನಿಂದ ಕರೆತಂದ ಕೂಲಿಗಳ ವಂಶದವರೇ ಇಂದು ಅಲ್ಲಿ ಎಲೆ ಕೊಯ್ಯುತ್ತಿರುವವರು. ರಸ್ತೆಯ ಬದಿ ಎಲೆ ಕೊಯ್ಯುವ ಹೆಂಗಸರ ಫೋಟೋ ತೆಗೆಯುವ ಮೊದಲು ಕೇಳುವುದು ಮರ್ಯಾದೆ, ಮತ್ತು ಅವರು ಹಣ ಕೇಳಿದರೆ ಮುಖ ಸಿಂಡರಿಸುವಂಥದ್ದೇನೂ ಅದರಲ್ಲಿಲ್ಲ.

ಊಟದ ವಿಷಯದಲ್ಲಿ ಎಚ್ಚರಿಕೆ ಬೇಕು. ಅಲ್ಲಿ ಉಂಬಲಕಡ ಎಂದರೆ ಒಣಗಿಸಿದ ಮೀನಿನ ಚೂರು. ಸಂಬೋಲ ಎಂಬ ತೆಂಗಿನಕಾಯಿಯ ಚಟ್ನಿಗೂ ಕೆಲವು ತರಕಾರಿ ಪಲ್ಯಗಳಿಗೂ ಅದನ್ನು ಹಾಕುವ ರೂಢಿಯಿದೆ, ಹಾಕಿಯೂ ಅದನ್ನು ತರಕಾರಿಯೆಂದೇ ಹೇಳುತ್ತಾರೆ. "ಮಾಂಸ ಬೇಡ" ಎಂದರೆ ಸಾಲದು, "ಉಂಬಲಕಡ ಬೇಡ" ಎಂದು ಚಾಲಕನ ಬಾಯಿಂದಲೇ ಹೇಳಿಸಿ. ನುವರ ಎಲಿಯದಲ್ಲಿ ತಮಿಳರ ಶೈವ ಹೋಟೆಲುಗಳಿವೆ. ಇಡ್ಲಿ, ವಡೆ, ಒತ್ತುಶ್ಯಾವಿಗೆ, ಅನ್ನ ಸಾರು ಸಿಗುತ್ತವೆ. ನಮ್ಮ ಮಾಟುಂಗಾದ ರುಚಿಯನ್ನು ನಿರೀಕ್ಷಿಸಬೇಡಿ, ಹೊಟ್ಟೆ ಕೆಡುವುದಿಲ್ಲ ಎಂಬುದೇ ದೊಡ್ಡದು. ಫೆಬ್ರವರಿಯಲ್ಲಿ ಅಲ್ಲಿ ಮಳೆ ಕಡಿಮೆ, ಚಳಿ ಮಾತ್ರ ಮುಂಬೈಯವರಿಗೆ ಹೆಚ್ಚೇ ಆಗುತ್ತದೆ. ತಾಯಿಯವರಿಗೆ ಸ್ವೆಟರ್, ಕಾಲುಚೀಲ ಎರಡೂ ಕೈಚೀಲದಲ್ಲಿರಲಿ, ಡಿಕ್ಕಿಯಲ್ಲಿ ಅಲ್ಲ.

ಪ್ರಶ್ನೆ ಕೇಳಿದವರಿಂದ: ಮುಲುಂಡ್ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ಎಲ್ಲ, ಹಕ್ಗಲ, ಪೆರಾದೆನಿಯ ಮೂರನ್ನೂ ಆ ದಿನದಿಂದ ತೆಗೆದುಹಾಕಿದ್ದೇವೆ. ಮಗಳು ಸೇತುವೆಗಾಗಿ ಸ್ವಲ್ಪ ಮುನಿಸಿಕೊಂಡಿದ್ದಾಳೆ. ಅವಳ ಸಲುವಾಗಿ ಒಂದು ಕೊನೆಯ ಪ್ರಶ್ನೆ: ಅದೇ ದಿನ ಕ್ಯಾಂಡಿಗೆ ಮರಳದೆ ನುವರ ಎಲಿಯದಲ್ಲಿ ಒಂದು ರಾತ್ರಿ ಉಳಿದು, ಮರುದಿನ ಎಲ್ಲಕ್ಕೆ ಹೋಗಿ ಬರುವುದಾದರೆ ಚಾಲಕನ ರಾತ್ರಿಯ ವ್ಯವಸ್ಥೆ ಯಾರದ್ದು?

ಉತ್ತರ: ವಾಸ್ಕೋ ಸಾರಥಿ, ಗೋವಾ

ಉಳಿಯುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ, ತಾಯಿಯವರಿಗೆ ಒಂದೇ ದಿನದಲ್ಲಿ ಘಟ್ಟ ಹತ್ತಿ ಇಳಿಯುವುದು ತಪ್ಪುತ್ತದೆ. ಶ್ರೀಲಂಕಾದಲ್ಲಿ ಅನೇಕ ಹೋಟೆಲುಗಳು ಚಾಲಕರಿಗೆಂದೇ ಕೋಣೆ ಇಟ್ಟಿರುತ್ತವೆ, ಊಟವನ್ನೂ ಕೊಡುತ್ತವೆ; ಆದರೆ ಚಿಕ್ಕ ವಸತಿಗೃಹಗಳಲ್ಲಿ ಆ ಅನುಕೂಲವಿರುವುದಿಲ್ಲ. ಕೋಣೆ ಕಾದಿರಿಸುವಾಗಲೇ ಕೇಳಿ, ಇಲ್ಲವೆಂದರೆ ಹೊರಗಿನ ತಂಗುವಿಕೆಗೆ ಎಷ್ಟು ಬಾಟಾ ಎಂದು ಚಾಲಕನೊಡನೆ ಮೊದಲೇ ನಿಶ್ಚಯಿಸಿಕೊಳ್ಳಿ. ಆ ಚಳಿಯಲ್ಲಿ ರಾತ್ರಿಯಿಡೀ ವ್ಯಾನಿನಲ್ಲಿ ಮಲಗಿದವನ ಕೈಯಲ್ಲಿ ಮರುದಿನ ಎಲ್ಲದ ಇಳಿಜಾರಿಗೆ ಸ್ಟೀರಿಂಗ್ ಕೊಡಬೇಡಿ. ಸೇತುವೆ 1921ರದ್ದು, ಕಾರು ಅದರ ಬುಡದವರೆಗೆ ಹೋಗುವುದಿಲ್ಲ. ಸ್ವಲ್ಪ ನಡೆಯಬೇಕು ಅಥವಾ ಅಲ್ಲಿನ ಆಟೋ ಹಿಡಿಯಬೇಕು. ತಾಯಿಯವರು ಮೇಲಿನ ಚಹಾದಂಗಡಿಯಲ್ಲಿ ಕುಳಿತು ನೋಡಲಿ, ಮಗಳನ್ನು ನೀವು ಕರೆದುಕೊಂಡು ಹೋಗಿ. ಬಾಡಿಗೆಯಲ್ಲಿ ಅರ್ಧವನ್ನು ಹೊರಡುವಾಗ, ಉಳಿದದ್ದನ್ನು ಕ್ಯಾಂಡಿಗೆ ಮರಳಿದ ಮೇಲೆ ಕೊಡಿ.