ಅಪ್ಪನ ಚಿತ್ರ ಹರಾಜಿಗೆ ಬಂದಿದೆ, ಮನೆಯವರಿಗೆ ಪಾಲು ಇದೆಯೇ?

ಧಾರವಾಡದ ಮಗಳು:
ನಮ್ಮ ತಂದೆ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು, ಈಗ ಇಲ್ಲ. 1978ರಲ್ಲಿ ಬರೆದ ಸಂತೆಯ ತೈಲಚಿತ್ರವೊಂದನ್ನು ಎಂಟುನೂರು ರೂಪಾಯಿಗೆ ಕೊಟ್ಟಿದ್ದರು. ಅದೀಗ ಮುಂಬೈಯ ಹರಾಜಿನ ಕ್ಯಾಟಲಾಗಿನಲ್ಲಿದೆ, ಅಂದಾಜು ಬೆಲೆ ಆರರಿಂದ ಎಂಟು ಲಕ್ಷ. ನೋಡಿದೊಡನೆ ಗುರುತು ಹತ್ತಿತು: ಎಮ್ಮೆಯ ಬೆನ್ನಿಗೆ ಮಾತ್ರ ಬ್ರಶ್ ಬಿಟ್ಟು ಚಾಕುವಿನಿಂದ ಕಪ್ಪುನೀಲಿ ಬಳಿದಿದ್ದಾರೆ. ಅಮ್ಮ ಇನ್ನೂ ಬಾಡಿಗೆ ಮನೆಯಲ್ಲಿದ್ದಾರೆ. ಕಾನೂನಿನ ಪ್ರಕಾರ ಅವರಿಗೆ ಏನಾದರೂ ಸಲ್ಲಬೇಕೇ?

ವ್ಯಾಪಾರಿ:
ಹೊಲ ಮಾರಿದ ಮೇಲೆ ಬೆಳೆಯಲ್ಲಿ ಪಾಲು ಕೇಳಿದಂತಾಗುತ್ತದೆ. ಮಾರಿದ್ದು ಮಾರಿಹೋಯಿತು.

ಕ್ಯಾಟಲಾಗು ಬರೆಯುವವನು:
ಇಲ್ಲ ಸ್ವಾಮಿ, ಚಿತ್ರದ ವಿಷಯದಲ್ಲಿ ಹಾಗಲ್ಲ. ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 53ಎ ಕಲಮು ಓದಿ. ಮೂಲ ಚಿತ್ರ, ರೇಖಾಚಿತ್ರ ಅಥವಾ ಶಿಲ್ಪದ ಮರುಮಾರಾಟದ ಬೆಲೆ ಹತ್ತು ಸಾವಿರ ರೂಪಾಯಿ ದಾಟಿದರೆ ಕಲಾವಿದನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ ಪಾಲು ಕೇಳುವ ಹಕ್ಕಿದೆ. ಕಲಾವಿದನೇ ಕೃತಿಸ್ವಾಮ್ಯದ ಮೊದಲ ಒಡೆಯನಾಗಿರಬೇಕು. ಪಾಲು ಹತ್ತು ಶೇಕಡಾ ಮೀರುವಂತಿಲ್ಲ. ಕೃತಿಸ್ವಾಮ್ಯದ ಅವಧಿ, ಅಂದರೆ ಕಲಾವಿದ ತೀರಿಕೊಂಡ ನಂತರದ 60 ವರ್ಷ, ಮುಗಿದರೆ ಈ ಹಕ್ಕೂ ಮುಗಿಯುತ್ತದೆ.

ಈ ಜಗಳ ಹಳೆಯದು. 1973ರ ಅಕ್ಟೋಬರಿನಲ್ಲಿ ರಾಬರ್ಟ್ ಸ್ಕಲ್ ಎಂಬ ಟ್ಯಾಕ್ಸಿ ಉದ್ಯಮಿ ತನ್ನ ಸಂಗ್ರಹದ 50 ಕೃತಿಗಳನ್ನು ನ್ಯೂಯಾರ್ಕಿನಲ್ಲಿ ಹರಾಜು ಹಾಕಿಸಿದ. 1958ರಲ್ಲಿ 900 ಡಾಲರಿಗೆ ಕೊಂಡಿದ್ದ ರಾಬರ್ಟ್ ರೌಶೆನ್‌ಬರ್ಗ್ ಅವರ ‘ಥಾ’ 85,000 ಡಾಲರಿಗೆ ಹೋಯಿತು. ಅಲ್ಲೇ ಇದ್ದ ಕಲಾವಿದ, ಹರಾಜು ಮುಗಿದ ಮೇಲೆ ಸ್ಕಲ್‌ನನ್ನು ಎಲ್ಲರೆದುರೇ ತರಾಟೆಗೆ ತೆಗೆದುಕೊಂಡರು. ಅವರ ಕೈಗೆ ಒಂದು ಡಾಲರೂ ಬರಲಿಲ್ಲ. ಮೂರು ವರ್ಷದ ನಂತರ ಕ್ಯಾಲಿಫೋರ್ನಿಯಾ ಐದು ಶೇಕಡಾ ಪಾಲಿನ ಕಾನೂನು ಮಾಡಿತು, ಅದನ್ನೂ ನ್ಯಾಯಾಲಯಗಳು ಹೆಚ್ಚುಕಡಿಮೆ ಹಲ್ಲಿಲ್ಲದಂತೆ ಮಾಡಿದವು. ಫ್ರಾನ್ಸ್ ಮಾತ್ರ 1920ರಲ್ಲೇ ಈ ಹಕ್ಕು ಕೊಟ್ಟಿತ್ತು.

ನಮ್ಮಲ್ಲಿ ಕಾನೂನು ಇದ್ದೂ ಕೇಳುವವರಿಲ್ಲ. ನಾನು ಬಲ್ಲ ಕಲಾವಿದರ ಮನೆಗಳಲ್ಲಿ ಯಾರಿಗೂ ಈ ಹಣ ಸಿಕ್ಕಿಲ್ಲ. ಇದು ನನಗೆ ಸಹಿಸಲಾಗದ ಅನ್ಯಾಯ. ಅದಕ್ಕೇ ನೀವು ಕೇಳಲೇಬೇಕು ಎನ್ನುತ್ತೇನೆ.

ಧಾರವಾಡದ ಮಗಳು:
ಧನ್ಯವಾದ ಸರ್. ರಸೀದಿ ಇಲ್ಲ, ಅಪ್ಪನ ಲೆಕ್ಕದ ಡೈರಿ ಇದೆ. ಅದರಲ್ಲಿ ‘ಸಂತೆ, 800’ ಎಂದಿದೆ. ಸಾಕಾಗುತ್ತದೆಯೇ?

ಕ್ಯಾಟಲಾಗು ಬರೆಯುವವನು:
ಒಳ್ಳೆಯ ಆಧಾರವೇ, ಜೋಪಾನ ಮಾಡಿ. ಕ್ಯಾನ್ವಾಸಿನ ಹಿಂಬದಿಯ ಫೋಟೋ ಕಳಿಸಿ ಎಂದು ಹರಾಜು ಸಂಸ್ಥೆಯನ್ನು ಕೇಳಿ. ಸಹಿ, ಇಸವಿ, ಹಳೆಯ ಪ್ರದರ್ಶನದ ಚೀಟಿ ಇರುವುದು ಅಲ್ಲಿಯೇ. ಚಿತ್ರ ಯಾರೋ ಹೇಳಿ ತಂದೆಯವರಿಂದ ಮಾಡಿಸಿದ್ದೋ, ಅವರು ತಾವಾಗಿಯೇ ಬರೆದದ್ದೋ ಎಂಬುದನ್ನು ಅಮ್ಮನಿಂದ ಕೇಳಿ ಬರೆದಿಡಿ; ಮೊದಲ ಒಡೆಯ ಯಾರೆಂಬ ಪ್ರಶ್ನೆ ಅಲ್ಲಿಯೇ ಬರುತ್ತದೆ. ಮೀಸಲು ಬೆಲೆ, ಅಂದರೆ ಮಾರುವವರು ಒಪ್ಪುವ ಕನಿಷ್ಠ ಬೆಲೆ, ಮುಟ್ಟದೆ ಚಿತ್ರ ವಾಪಸಾದರೆ ಪಾಲಿನ ಪ್ರಶ್ನೆಯೇ ಬರುವುದಿಲ್ಲ. ಮಾರಾಟವಾದರೆ, ಪತ್ರಿಕೆಯಲ್ಲಿ ಬರುವ ಮೊತ್ತದಲ್ಲಿ ಸಾಮಾನ್ಯವಾಗಿ ಕೊಳ್ಳುವವರು ಸಂಸ್ಥೆಗೆ ಕಟ್ಟುವ ಶುಲ್ಕವೂ ಸೇರಿರುತ್ತದೆ. ಆದ್ದರಿಂದ ಸುತ್ತಿಗೆ ಬಿದ್ದ ಬೆಲೆಯನ್ನು, ಅಂದರೆ ಶುಲ್ಕ ಸೇರದ ಕೊನೆಯ ಕೂಗಿನ ಬೆಲೆಯನ್ನು, ಬೇರೆಯಾಗಿ ಬರೆಸಿಕೊಳ್ಳಿ. ಕೃತಿಸ್ವಾಮ್ಯ ಬಲ್ಲ ವಕೀಲರ ಕೈಯಲ್ಲಿ, ಅಮ್ಮನ ಹೆಸರಿನಲ್ಲಿ, ಹರಾಜಿಗೆ ಮೊದಲೇ ನೋಟಿಸು ಹೋಗಲಿ.